ಹಿಡಿದಿಟ್ಟ ಸೀಟು

"ಸೀಟು ಹಿಡಿದುಕೊಂಡು ಸೇರದೇ ಕೂತಿದಾನಲ್ಲ, ಯಾರ್ರೀ ಆ ಮಾನಗೆಟ್ಟವನು? ಹೆಸರು ಹೇಳ್ರಿ, ನಾನು ವಿಚಾರಿಸ್ಕೋತೀನಿ!"

ಹೀಗೆ ಪಟ್ಟಣದ ಕಾಲೇಜಿನ ಆಫೀಸಿನಲ್ಲಿ ಮೇಜು ಗುದ್ದಿದವನು ಯಾರು? ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ, ಅವನು. ಮಗಳಿಗೆ ಬಿ.ಕಾಂ. ಸೀಟು ಬೇಕಿತ್ತು. ವೇಟಿಂಗ್ ಲಿಸ್ಟಿನಲ್ಲಿ ಮೊದಲ ಹೆಸರೇ ಅವಳದು. ಆದರೆ ಯಾರೋ ಒಬ್ಬ ಫೀಸು ಕಟ್ಟಿ, ಮಗನನ್ನು ಕ್ಲಾಸಿಗೂ ಕಳಿಸದೆ, ಸೀಟನ್ನೂ ಬಿಡದೆ ಕೂತಿದ್ದ.

"ಸಾರ್, ಅವರಾಗಿ ಬರೆದುಕೊಡೋ ತನಕ ನಾವು ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ," ಅಂದ ಗುಮಾಸ್ತ. "ನಾಳೆ ಸಂಜೆಗೆ ಎಲ್ಲಾ ಕಡೆ ಲಿಸ್ಟಿನ ಅಡ್ಮಿಶನ್ ಮುಗಿಯುತ್ತೆ. ಆಮೇಲೆ ಖಾಲಿ ಇದ್ರೂ ಖಾಲಿನೇ."

"ಇನ್ನೊಬ್ಬರ ಮಕ್ಕಳ ಬಾಳಿಗೆ ಅಡ್ಡ ಮಲಗೋರು! ಇಂಥವರಿಂದಲೇ ದೇಶ ಹಾಳಾಗಿದ್ದು!"

ದೇಶದ ಚಿಂತೆ ನೋಡಿ! ಬೈದು ಬೈದು ಬಾಯಿ ಒಣಗಿಸಿಕೊಂಡು ಮನೆಗೆ ಬಂದರೆ, ಮನೆಯವರ ರವಿಕೆ ಹೊಲಿಯುವ ಹೆಂಗಸು ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದಳು.

"ಸಾವ್ಕಾರ್ರೇ, ನಮ್ಮೂರ ಕಾಲೇಜಲ್ಲೂ ನಿಮ್ಮ ಮಗಳ ಹೆಸರಲ್ಲಿ ಒಂದು ಸೀಟು ಹಿಡಿದಿದೀರಂತೆ. ಅಲ್ಲಿ ವೇಟಿಂಗ್ ಲಿಸ್ಟಲ್ಲಿ ಮುಂದಿರೋದು ನನ್ನ ಮಗಳು. ಪಟ್ಟಣಕ್ಕೆ ಕಳಿಸೋ ಶಕ್ತಿ ನನಗಿಲ್ಲ. ನಿಮಗೆ ಬೇಡದಿದ್ರೆ ಬಿಟ್ಟುಕೊಡಿ."

"ಬೇಡ ನಿಜ ಕಣಮ್ಮ. ಆದರೂ ಇರಲಿ ಅಂತ ಹಾಕಿಟ್ಟಿದೀನಿ."

"ನಾಳೆ ಕೊನೇ ದಿನ."

"ಪಟ್ಟಣದ್ದು ಸಿಗಲಿ, ಆಮೇಲೆ ನೋಡೋಣ."

"ಸಿಗದಿದ್ರೆ ಇಲ್ಲೇ ಓದಿಸ್ತೀರಾ?"

"ಈ ದನದ ಕೊಟ್ಟಿಗೇಲಿ? ನನ್ನ ಮಗಳನ್ನಾ? ಬೇರೆ ಕಡೆ ದುಡ್ಡು ಸುರಿದು ಮ್ಯಾನೇಜ್‌ಮೆಂಟ್ ಸೀಟಿಗೆ ಸೇರಿಸ್ತೀನಿ!"

ಕೇಳಿದಿರಾ? ಸಿಕ್ಕರೂ ಬೇಡ, ಸಿಗದಿದ್ದರೂ ಬೇಡ. ಆದರೆ ಬಿಡುವುದಿಲ್ಲ!

"ಹಾಗಾದ್ರೆ ಆ ಬೆಂಚಿನ ಮೇಲೆ ಕೂರೋರು ಯಾರು, ಸಾವ್ಕಾರ್ರೇ?" ಅಂದಳು ಆಕೆ. ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು.

ಮರುದಿನ ಸಂಜೆ ಅಡ್ಮಿಶನ್ ಮುಗಿಯಿತು. ಪಟ್ಟಣದ ಸೀಟು ಇವನಿಗೆ ಬರಲಿಲ್ಲ, ಇವನು ಬೇರೆ ಕಡೆ ದುಡ್ಡು ಸುರಿದ. ಊರಿನ ಸೀಟು ಖಾಲಿ ಉಳಿಯಿತು. ಒಂದು ವರ್ಷವಲ್ಲ, ಆ ಕೋರ್ಸಿನ ಮೂರು ವರ್ಷವೂ ಖಾಲಿ. ಆ ಹುಡುಗಿ? ಅಮ್ಮನ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಾಳೆ. ಹೊಲಿಗೆ ಕೀಳು ಅಂತ ನಾನು ಹೇಳುತ್ತಿಲ್ಲ. ಅವಳು ಕೇಳಿದ್ದು ಅದನ್ನಲ್ಲ, ಅಷ್ಟೇ.

ನೋಡಿ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಜನ ನಾವು. ಆದರೆ ಟವೆಲ್ ಹಾಕಿದವನು ಬಸ್ಸು ಹತ್ತುತ್ತಾನಲ್ಲ! ಈ ಮಹಾನುಭಾವ ಹತ್ತುವುದೂ ಇಲ್ಲ, ಟವೆಲ್ ತೆಗೆಯುವುದೂ ಇಲ್ಲ. ಪಕ್ಕದಲ್ಲೇ ಯಾರದೋ ಮಗು ನಿಂತು ನೋಡುತ್ತಿದೆ.

ಈ ಮಠದಲ್ಲಿ ಕೂತು ನನ್ನ ಪ್ರವಚನ ಕೇಳುತ್ತಾ ತಲೆ ಆಡಿಸುತ್ತೀರಿ. ಎಷ್ಟು ಚೆಂದ ಆಡಿಸುತ್ತೀರಿ! ಶ್ರೀಮಂತನನ್ನು ಬೈದರೆ ನಿಮಗೆ ಖುಷಿ. ನಿಮ್ಮಲ್ಲಿ ಎಷ್ಟು ಜನ ಮೂರು ಮೂರು ಕಾಲೇಜಿಗೆ ಫೀಸು ಕಟ್ಟಿ, ನನ್ನ ಹತ್ತಿರ ಬಂದು, "ಅಯ್ಯನವರೇ, ಲಿಸ್ಟು ಮುಂದಕ್ಕೆ ಹೋಗ್ತಾನೇ ಇಲ್ಲ, ಆಶೀರ್ವಾದ ಮಾಡಿ" ಅಂದಿಲ್ಲ? ಹೇಗೆ ಹೋಗುತ್ತೆ? ಅಡ್ಡ ಕೂತವರು ನೀವೇ! ದೇವರು ಬಂದು ನಿಮ್ಮನ್ನು ರಟ್ಟೆ ಹಿಡಿದು ಎಬ್ಬಿಸಬೇಕೇ?

ನೀವು ಮಾಡಬೇಕಾದದ್ದು ಇಷ್ಟೇ. ಮಗು ಎಲ್ಲಿ ಓದುತ್ತದೋ ಅಲ್ಲಿ ಸೇರಿಸಿ. ಓದದ ಕಡೆ ಹೋಗಿ, ಬೇಡ ಅಂತ ಬರೆದುಕೊಡಿ. ಕಾಯುವವರಿಗೆ ಒಂದು ಫೋನು ಮಾಡಿ. ನಮ್ಮ ತಾಲ್ಲೂಕಿನಲ್ಲೂ ಇವತ್ತೇ ಕೊನೇ ದಿನ, ಆಫೀಸು ಐದಕ್ಕೆ ಮುಚ್ಚುತ್ತದೆ. ಪ್ರಸಾದಕ್ಕೆ ಕಾಯಬೇಡಿ. ಹೋಗಬೇಕಾದವರು ಈಗಲೇ ಎದ್ದು ಹೋಗಿ.

ಅಗೋ, ಕಂಬದ ಹತ್ತಿರ ಒಬ್ಬರು ಎದ್ದರು. ಕಾಲು ಮಡಚಿಕೊಳ್ರಮ್ಮಾ, ದಾರಿ ಬಿಡಿ. ನನ್ನ ಮೇಲೆ ಸಿಟ್ಟಾಗಿ ಹೊರಟರೋ, ಕಾಲೇಜಿಗೇ ಹೊರಟರೋ ನನಗೆ ಗೊತ್ತಿಲ್ಲ. ಯಾರೂ ಹಿಂದೆ ಕರೆಯಬೇಡಿ. ಇವತ್ತು ಅವರು ಇಲ್ಲಿಗೆ ವಾಪಸ್ಸು ಬರುವುದು ಬೇಡ, ಐದರೊಳಗೆ ಆ ಆಫೀಸು ಮುಟ್ಟಿದರೆ ಸಾಕು.