ವಿಲಿಕೆಸಾ ಕೇಳಿದ ಇಕ್ಕಳ

ಲಿತಿಯಾಳ ಬಳಿ ಇಕ್ಕಳ ಇರಲಿಲ್ಲ.

ವ್ಯಾನಿನಲ್ಲಿ ಜಾಕ್ ಇತ್ತು, ಸ್ಟೆಪ್ನಿ ಇತ್ತು, ಶಾಲೆಯ ಹನ್ನೊಂದು ಮಕ್ಕಳು ಬಿಟ್ಟುಹೋದ ಛತ್ರಿ ಚಪ್ಪಲಿಗಳೂ ಇದ್ದವು. ಇಕ್ಕಳವೊಂದಿಲ್ಲ. ವೈಪರ್ ಬೆಳಗಿನಿಂದ ಕಿರುಗುಟ್ಟುತ್ತಿತ್ತು. ಮೇಲೆ ಹೋಗುವಾಗ ನೆಟ್ಟಗೆ ಹೋಗಿ, ಇಳಿಯುವಾಗ ಗಾಜಿನ ಮೇಲೆ ಕಪ್ಪೆಯಂತೆ ಕುಪ್ಪಳಿಸಿ, ಸರಿಯಾಗಿ ಅವಳ ಕಣ್ಣೆದುರಿಗೇ ನೀರಿನ ಪಟ್ಟೆ ಬಿಡುತ್ತಿತ್ತು. ಹೊಸ ರಬ್ಬರ್ ಹಾಕಿಸಿದ್ದಳು, ಗಾಜನ್ನು ಸೋಪಿನಿಂದ ತೊಳೆದಿದ್ದಳು, ಪ್ರಯೋಜನವಾಗಿರಲಿಲ್ಲ. ಮೂರು ಗಂಟೆಗೆ ಶಾಲೆ ಬಿಡುತ್ತದೆ. ಹನ್ನೊಂದು ಮಕ್ಕಳನ್ನು ತುಂಬಿಕೊಂಡು ವೈಬುಲಾ ಹೊಳೆಯ ತಗ್ಗು ಸೇತುವೆ ದಾಟಬೇಕು. ಫಿಜಿಯ ರಾಜಧಾನಿ ಸುವಾ ಕಡೆಯಿಂದ ಬಂದ ಮಳೆ ನಿಲ್ಲುವ ಹಾಗಿರಲಿಲ್ಲ.

ಕೊರೊವೌ ಮಾರುಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಟ್ಯಾಕ್ಸಿಯವರು ಚಾಪೆ ಹಾಸಿ, ನಡುವೆ ಮರದ ಬೋಗುಣಿಯಿಟ್ಟು, ಬೇರು ಅರೆದು ಕದಡಿದ ಯಂಗೋನಾ ಕುಡಿಯುತ್ತಿದ್ದರು. ತೆಂಗಿನ ಚಿಪ್ಪು ಕೈಗೆ ಬಂದಾಗ ಒಂದು ಚಪ್ಪಾಳೆ, ಕುಡಿದು ಕೊಟ್ಟ ಮೇಲೆ ಮೂರು. ಬೋಗುಣಿ ಬರಿದಾಗುವ ತನಕ ಅಲ್ಲಿಂದ ಯಾರೂ ಏಳುವುದಿಲ್ಲ; ಎದ್ದರೆ ಕೂತವರಿಗೆ ಅವಮಾನ. ಲಿತಿಯಾ ಬಾಗಿಲಲ್ಲಿ ನಿಂತು, "ಕೆರೆಕೆರೆ, ಅಪೆನಿಸಾ ತಾತ, ಒಂದು ಇಕ್ಕಳ ಬೇಕಿತ್ತು," ಎಂದಳು. ಆ ಮಾತು ಹೇಳಿ ಏನು ಕೇಳಿದರೂ ಅಲ್ಲಿ ಇಲ್ಲವೆನ್ನುವಂತಿಲ್ಲ, ಕೊಟ್ಟದ್ದು ವಾಪಸ್ ಬರಲೆಂದು ಕಾಯುವಂತೆಯೂ ಇಲ್ಲ.

ಬೋಗುಣಿ ಇನ್ನೂ ಅರ್ಧ ತುಂಬಿತ್ತು. ಆದರೂ ಅಪೆನಿಸಾ ಎದ್ದ. ಎಪ್ಪತ್ತು ದಾಟಿದ ಮುದುಕ, ಮಂಡಿ ಹಿಡಿದುಕೊಂಡು ಎದ್ದ. ಯಾರೂ ಬೇಸರಪಡಲಿಲ್ಲ. ಅವನು ಜೇಬಿನಿಂದ ಇಕ್ಕಳ ತೆಗೆದು, ಮಳೆಯಲ್ಲೇ ನಡೆದುಹೋಗಿ, ಅವಳ ವ್ಯಾನಿನ ಬಾನೆಟ್ಟಿನ ಮೇಲೆ ಇಟ್ಟು ಬರಿಗೈಯಲ್ಲಿ ವಾಪಸ್ ಬಂದ. ವೈಪರನ್ನು ಮುಟ್ಟಲಿಲ್ಲ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಳು ಲಿತಿಯಾ.

"ಕೂತ್ಕೋ," ಎಂದ. "ಬೆಲ್ ಹೊಡೆಯೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಹೋಗೋವಾಗ ಸುಮ್ಮನಿದ್ದು ಬರೋವಾಗ ಕುಪ್ಪಳಿಸ್ತದೆ ಅಲ್ವಾ? ರಬ್ಬರ್ ತಪ್ಪಲ್ಲ ಅದು. ಕಬ್ಬಿಣದ ಕೈ ತಿರುಚಿದೆ, ರಬ್ಬರ್ ಒಂದೇ ಕಡೆಗೆ ಮಲಗಿಬಿಟ್ಟಿದೆ. ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದ್ರೆ ಆಯ್ತು."

"ಮತ್ತೆ ತಿರುಗಿಸಿ ಬರೋದಲ್ವಾ ತಾತ?"

"ತಿರುಗಿಸೋನು ಬೇರೆ ಇದಾನೆ."

ಪಕ್ಕದಲ್ಲಿದ್ದ ಮುನ್ಸಾಮಿ ನಕ್ಕ. "ಇಡೀ ಫಿಜಿಯಲ್ಲಿ ಪುಕ್ಕಟೆ ಕೆಲಸ ಮಾಡೋ ಮೆಕ್ಯಾನಿಕ್ ಅವನೊಬ್ಬನೇ ಕಣಮ್ಮ. ಅವನೂ ಸತ್ತಿದಾನೆ."

ಅಪೆನಿಸಾ ನಗಲಿಲ್ಲ. ಚಿಪ್ಪು ಕುಡಿದು, ಮೂರು ಚಪ್ಪಾಳೆ ತಟ್ಟಿ ಶುರುಮಾಡಿದ.

"ಇಪ್ಪತ್ತೆರಡು ವರ್ಷ ಆಯ್ತು... ಇದೇ ಶೆಡ್ಡು, ಇಂಥದೇ ಮಳೆ. ವಿಲಿಕೆಸಾ ಅಂತ ಇದ್ದ, ಲಾರಿಯಲ್ಲಿ ಕೆಸುವಿನ ಗೆಡ್ಡೆ ಸಾಗಿಸ್ತಿದ್ದ, ಮೆತ್ತಗಿನ ಮನುಷ್ಯ. ಅವನ ವೈಪರಿಗೂ ಇದೇ ರೋಗ. ನೀನು ನಿಂತಿದ್ದೆಯಲ್ಲ, ಅಲ್ಲೇ ನಿಂತು ಕೆರೆಕೆರೆ, ಇಕ್ಕಳ, ಅಂದ. ಇಕ್ಕಳ ಎಲ್ಲಿತ್ತು ಗೊತ್ತಾ? ನನ್ನ ಹಿಂದಿನ ಜೇಬಿನಲ್ಲಿ. ಅದರ ಮೇಲೇ ಕೂತಿದ್ದೆ, ಚುಚ್ತಾ ಇತ್ತು... ಬೋಗುಣಿ ಅರ್ಧ ಇದೆ, ಮಧ್ಯದಲ್ಲಿ ಹೇಗೆ ಏಳೋದು? ಇದೊಂದು ಮುಗೀಲಿ ವಿಲಿ, ಅಂದೆ. ಕೆರೆಕೆರೆ ಅಂತ ಎರಡು ಸಲ ಯಾರಾದ್ರೂ ಕೇಳ್ತಾರಾ? ಅವನೂ ಕೇಳಲಿಲ್ಲ. ಹೆಂಡತಿ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಲಾರಿಯಲ್ಲಿತ್ತು, ಅದನ್ನೇ ಹೆಬ್ಬೆರಳಲ್ಲಿ ರಬ್ಬರಿಗೆ ಸವರಿ ಹೊರಟ. ನಾವೆಲ್ಲ ಹಾಗೇ ಮಾಡ್ತಿದ್ವಿ ಆಗ. ಸದ್ದು ನಿಂತಿತು... ಸದ್ದು ನಿಲ್ತದೆ ಮಗಳೇ, ಆದರೆ ಗಾಜು?"

ಗಾಜು ಏನಾಗುತ್ತದೆಂದು ಲಿತಿಯಾಳಿಗೆ ಗೊತ್ತಿತ್ತು. ಎಣ್ಣೆ ಗಾಜಿಗೆಲ್ಲ ಹರಡಿ, ಮೋಡ ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ವೈಬುಲಾ ಸೇತುವೆ ಆಗಲೇ ನೀರಿನಡಿ ಹೋಗಿತ್ತಂತೆ, ವಿಲಿಕೆಸಾಗೆ ಕಾಣಲಿಲ್ಲ. ಮೂರನೆಯ ದಿನ ಲಾರಿ ಸಿಕ್ಕಿತು. ವೈಪರ್ ಅರ್ಧಕ್ಕೇ ನಿಂತಿತ್ತು ಎಂದು ಅಪೆನಿಸಾ ಕೈಯಲ್ಲಿ ತೋರಿಸಿದ.

"ಮಾರನೆಯ ವರ್ಷ ನನ್ನ ಸರದಿ. ಮದುವೆ ಮುಗಿಸಿ ಬರ್ತಿದ್ದೆ, ವ್ಯಾನಲ್ಲಿ ಒಂಬತ್ತು ಜನ, ಏಳು ತಿಂಗಳ ಬಸುರಿ ಮಗಳು ಪಕ್ಕದಲ್ಲಿ. ಹೊಳೆ ಹತ್ತಿರದ ತಿರುವಿನಲ್ಲಿ ನನ್ನ ವೈಪರೂ ಕುಪ್ಪಳಿಸೋಕೆ ಶುರುವಾಯ್ತು... ಏನೂ ಕಾಣಲ್ಲ. ಆದ್ರೂ ಹೋಗ್ತಾನೇ ಇದೀನಿ, ದಿನಾ ಓಡಾಡೋ ದಾರಿಯಲ್ವಾ? ಅಷ್ಟರಲ್ಲಿ ನನ್ನ ಕಡೆ ಗಾಜು ತಟ್ಟಿದ ಸದ್ದು. ಓಡೋ ವ್ಯಾನಿನ ಗಾಜು ತಟ್ಟೋರು ಯಾರು? ಬ್ರೇಕ್ ಹಾಕಿದೆ. ಒದ್ದೆ ಮನುಷ್ಯ ನಿಂತಿದ್ದ. ಕೆರೆಕೆರೆ ಅಪೆ, ಇಕ್ಕಳ, ಅಂದ... ನನ್ನನ್ನ ಅಪೆ ಅಂತ ಕರೀತಿದ್ದೋನು ಒಬ್ಬನೇ. ಕೊಟ್ಟೆ. ಮುಂದೆ ಹೋದ, ವೈಪರಿನ ಕೈ ಹಿಡಿದು ಒಂಚೂರು ತಿರುಚಿದ, ಅಷ್ಟೇ. ವೈಪರ್ ಒಂದೇ ಒಂದು ಸಲ ಒರೆಸಿತು ನೋಡು, ಗಾಜು ತೊಳೆದ ತಟ್ಟೆ ಹಾಗಾಯ್ತು. ಎದುರಿಗೆ ರಸ್ತೆ ಇರಲಿಲ್ಲ. ಮೂರು ಮಾರು ದೂರದಲ್ಲಿ ಹೊಳೆ."

ಅಪೆನಿಸಾ ಚಿಪ್ಪನ್ನು ಪಕ್ಕದವನಿಗೆ ದಾಟಿಸಿದ.

"ವಿನಾಕಾ ವಿಲಿ, ನಿನ್ನ ಉಪಕಾರ ದೊಡ್ಡದು ಅಂತ ಹೇಳೋಣ, ಕೈ ಮುಗಿಯೋಣ ಅಂತ ಇಳಿದೆ... ಯಾರಿಗೆ ಹೇಳೋದು? ಅವನೂ ಇಲ್ಲ, ಇಕ್ಕಳಾನೂ ಇಲ್ಲ. ಆ ಒಂಬತ್ತು ಜನದಲ್ಲಿ ಇಬ್ಬರು ಆಮೇಲೆ ಸಕ್ಕರೆ ಕಾಯಿಲೆಯಲ್ಲಿ ಹೋದರು, ಅದು ಬೇರೆ ಮಾತು. ಆವತ್ತಿಗೆ ಎಲ್ಲರೂ ಮನೆ ಸೇರಿದರು. ಒಂದು ಇಕ್ಕಳಕ್ಕೋಸ್ಕರ ನಾನು ಏಳದೇ ಹೋದೆ, ಅವನು ಹೊಳೆಯಿಂದ ಎದ್ದು ಬಂದ. ಇದಕ್ಕಿಂತ ದೊಡ್ಡ ಮನುಷ್ಯ ಎಲ್ಲಿ ಸಿಗ್ತಾನೆ?... ಅವತ್ತಿನಿಂದ ಈ ಶೆಡ್ಡಲ್ಲಿ ಯಾರು ಇಕ್ಕಳ ಕೇಳಿದ್ರೂ ಬೋಗುಣಿ ಬಿಟ್ಟು ಏಳ್ತೀವಿ, ಬಾನೆಟ್ಟಿನ ಮೇಲೆ ಇಟ್ಟು ಬರ್ತೀವಿ, ಉಳಿದದ್ದು ವಿಲಿ ನೋಡ್ಕೋತಾನೆ."

ಮುನ್ಸಾಮಿ, ಮಾರುಕಟ್ಟೆಯ ಪೋಕರಿಗಳಿಗೆ ಒಳ್ಳೆ ಸುಗ್ಗಿ ಎಂದು ಗೊಣಗಿದ. ಆದರೆ ಅವನ ಟ್ಯಾಕ್ಸಿಯ ಬಾನೆಟ್ಟಿನ ಮೇಲೂ ಒಂದು ಇಕ್ಕಳ ನೆನೆಯುತ್ತಿದ್ದುದನ್ನು ಲಿತಿಯಾ ಬರುವಾಗಲೇ ನೋಡಿದ್ದಳು.

ಮೂರಕ್ಕೆ ಐದು ನಿಮಿಷ ಇರುವಾಗ ಅವಳು ವ್ಯಾನಿನ ಹತ್ತಿರ ಹೋದಳು. ಬಾನೆಟ್ಟಿನ ಮೇಲೆ ಇಕ್ಕಳ ಇರಲಿಲ್ಲ. ಹೋಯಿತಲ್ಲ ಎಂದು ಬೈದುಕೊಂಡೇ ಬೀಗ ತೆಗೆದು ಕೂತು ವೈಪರ್ ಹಾಕಿದಳು. ಅದು ಸದ್ದಿಲ್ಲದೆ ಮೇಲೆ ಹೋಯಿತು, ಸದ್ದಿಲ್ಲದೆ ಕೆಳಗಿಳಿಯಿತು. ದೂರದ ಶಾಲೆಯ ಗೇಟಿನವರೆಗೂ ಗಾಜು ನಿಚ್ಚಳವಾಗಿತ್ತು.

ಒಂದು ಮೂಲೆಯಲ್ಲಿ ಮಾತ್ರ ಹೆಬ್ಬೆರಳಗಲದ ಜಿಡ್ಡು ಉಳಿದಿತ್ತು. ವೈಪರ್ ನಾಲ್ಕು ಸಲ ಅದರ ಮೇಲೆ ಹಾದರೂ ಹೋಗಲಿಲ್ಲ. ಲಿತಿಯಾ ಬೆರಳಿಟ್ಟು ನೋಡಿದಳು. ಜಿಡ್ಡು ಗಾಜಿನ ಒಳಗಡೆ ಇತ್ತು. ಕೊಬ್ಬರಿ ಎಣ್ಣೆಯ ವಾಸನೆ. ಇಂಥದ್ದನ್ನೆಲ್ಲ ನಂಬುವವಳಲ್ಲ ಅವಳು. ಆದರೂ ಖಾಲಿ ಸೀಟುಗಳ ಕಡೆ ತಿರುಗದೆ, ಕನ್ನಡಿಯನ್ನೂ ನೋಡದೆ, "ವಿನಾಕಾ" ಎಂದು ಮೆಲ್ಲಗೆ ಹೇಳಿ ಗೇರ್ ಹಾಕಿದಳು. ಆ ದಿನ ಹನ್ನೊಂದು ಮಕ್ಕಳೂ ಮನೆ ಸೇರಿದರು.

ಇಪ್ಪತ್ತೆರಡು ಮಳೆಗಾಲಗಳಲ್ಲಿ ಆ ಶೆಡ್ಡಿನವರು ಕಳೆದುಕೊಂಡದ್ದು ಒಬ್ಬ ಮನುಷ್ಯ, ಹನ್ನೆರಡು ಇಕ್ಕಳ.