ಬಾಣಂತಿ ಪಾರ್ಟಿಯ ಚನ್ನಮಲ್ಲಮ್ಮ

ಮಾನ್ಯ ಅಧ್ಯಕ್ಷರಾದ ಸಬ್ ಡಿವಿಷನ್ ಆಫೀಸರ್ ನಂದೀಶ್ವರಯ್ಯನವರೇ, ಇಂದಿನಿಂದ ಮಧುಗಿರಿಯವರೇ ಆಗಿಬಿಟ್ಟ ಲೇಡಿ ಡಾಕ್ಟರ್ ಕಮಲಾಕ್ಷಮ್ಮನವರೇ, ಪ್ರಜಾಪ್ರತಿನಿಧಿ ಸಭೆಯ ನಮ್ಮ ಸದಸ್ಯರಾದ ವಕೀಲ ರೇಣುಕಯ್ಯನವರೇ, ಚಪ್ಪರದ ಕೆಳಗೆ ಕೂತಿರುವ ಮಹನೀಯರೇ, ಜಾಗ ಸಾಲದೆ ಬಿಸಿಲಿನಲ್ಲಿ ನಿಂತಿರುವ ಅಕ್ಕತಂಗಿಯರೇ, ಸಭಿಕರೇ,

ಈ ಹೆರಿಗೆ ವಾರ್ಡಿನ ಪ್ರಾರಂಭೋತ್ಸವದಲ್ಲಿ ವಂದನಾರ್ಪಣೆಯ ಕೆಲಸವನ್ನು ನನಗೆ ವಹಿಸಿದ್ದಾರೆ. ವಂದನಾರ್ಪಣೆಯ ಹೊತ್ತಿಗೆ ಜನ ಚಪ್ಪಲಿ ಹುಡುಕಲು ಶುರುಮಾಡುತ್ತಾರೆ ಎಂಬುದು ನನಗೆ ಗೊತ್ತು. ಇವತ್ತು ಸ್ವಲ್ಪ ತಾಳಬೇಕೆಂದು ಬೇಡುತ್ತೇನೆ.

ಕಟ್ಟಡ ದಾನ ಮಾಡಿದವರು ನನ್ನ ಯಜಮಾನರು. ಮುಂದಿನ ಸಾಲಿನಲ್ಲಿ ಜರಿಪೇಟ ಸುತ್ತಿಕೊಂಡು ಕೂತಿದ್ದಾರೆ. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ಶ್ರೀಮಾನ್ ವೃಷಭೇಂದ್ರಪ್ಪನವರು ಎಂದು ಅಧ್ಯಕ್ಷರೇ ಹಲವು ಸಲ ಹೇಳಿದ್ದಾರೆ. ಈಗ ನಾನೂ ಹೇಳಿದಂತಾಯಿತು, ಇರಲಿ. ಅವರ ಕಡಲೆಕಾಯಿ ಗೋದಾಮು ಇವತ್ತು ಸುಣ್ಣ ಬಳಿಸಿಕೊಂಡು ಆಸ್ಪತ್ರೆಯಾಗಿದೆ. ಅವರ ಔದಾರ್ಯವನ್ನು ಎಲ್ಲರೂ ಹೊಗಳಿದರು. ಹೊಗಳಲೇಬೇಕು. ಆದರೆ ಇಷ್ಟು ಜನ ಮಾತಾಡಿದರಲ್ಲ, ಈ ವಾರ್ಡು ಬೇಕೆಂದು ಮೊದಲು ಕೇಳಿದವರು ಯಾರೆಂದು ಒಬ್ಬರಾದರೂ ಹೇಳಿದರೇ? ಶ್ರೀಮತಿ ಚನ್ನಮಲ್ಲಮ್ಮನವರ ಹೆಸರನ್ನು ಯಾರಾದರೂ ಎತ್ತಿದರೇ? ಎತ್ತಲಿಲ್ಲ. ಆದ್ದರಿಂದ ನಾನು ಎತ್ತುತ್ತೇನೆ.

ಚನ್ನಮಲ್ಲಮ್ಮನವರು ನನ್ನ ಯಜಮಾನರ ಮೊದಲ ಹೆಂಡತಿ. ನಾನು ಎರಡನೆಯವಳು, ಸರೋಜಮ್ಮ. 'ಶ್ರೀಮತಿ' ಎಂದು ಕರೆದರೆ ನನಗೇ ಯಾರೋ ಬೇರೆಯವರ ಮಾತು ಅನ್ನಿಸುತ್ತದೆ. ಅಕ್ಕ ಎಂದೇ ಹೇಳುತ್ತೇನೆ, ಸಭೆ ಮನ್ನಿಸಬೇಕು.

ನಾನು ಈ ಮನೆಗೆ ಯಾಕೆ ಬಂದೆ ಎಂಬುದು ಊರಿಗೆಲ್ಲ ಗೊತ್ತು. ಅಕ್ಕನಿಗೆ ಮಕ್ಕಳಾಗಲಿಲ್ಲವೆಂದು. ಹೊಸಿಲು ದಾಟಿದ ದಿನ ಅವಳು ನನ್ನನ್ನು ಹೇಗೆ ನೋಡುತ್ತಾಳೋ ಎಂದು ಹೆದರಿದ್ದೆ. ಅವಳು ನೋಡಿದಳು, ಒಳಗೆ ಹೋದಳು, ಒಂದು ಲೋಟ ಹಾಲು ತಂದುಕೊಟ್ಟು, ಬೆಳಗಿನಿಂದ ಏನಾದರೂ ತಿಂದಿದ್ದೀಯಾ ಎಂದು ಕೇಳಿದಳು. ಆ ದಿನ ಆ ಪ್ರಶ್ನೆಯನ್ನು ಕೇಳಿದವರು ಅವಳೊಬ್ಬಳೇ.

ನನ್ನ ಮೊದಲ ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ತನ್ನಿಂದಾಗದು ಎಂದಳು. ಇಲ್ಲಿಯ ಆಸ್ಪತ್ರೆಯಲ್ಲಿದ್ದ ಡಾಕ್ಟರು ಗಂಡಸರು; ನಮ್ಮ ಅತ್ತೆಯವರು ಅವರನ್ನು ಕೋಣೆಯೊಳಗೆ ಬಿಡಲಿಲ್ಲ. ಅಕ್ಕ ಯಾರನ್ನೂ ಕೇಳಲಿಲ್ಲ. ಬೀದಿಗೆ ಹೋಗಿ ತುಮಕೂರಿನ ಬಸ್ಸಿಗೆ ಅಡ್ಡ ನಿಂತಳು, ಹಿಂದಿನ ಸೀಟಿನವರನ್ನೆಲ್ಲ ಇಳಿಸಿದಳು, ನನ್ನನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೊರಟಗೆರೆ ದಾಟುವಾಗ ನನಗೆ ಪ್ರಜ್ಞೆ ತಪ್ಪಿತು. ತುಮಕೂರಿನ ಲೇಡಿ ಡಾಕ್ಟರು ನನ್ನನ್ನು ಉಳಿಸಿದರು. ಮಗು ಉಳಿಯಲಿಲ್ಲ. ಒಂದು ಗಳಿಗೆ ಮೊದಲು ಬಂದಿದ್ದರೆ ಎಂದು ಅವರು ಹೇಳಿದ್ದನ್ನು ಅಕ್ಕ ಕೇಳಿಸಿಕೊಂಡಳು.

ಆಗ ನಮ್ಮ ಯಜಮಾನರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರು. ಮಧುಗಿರಿಗೆ ಒಬ್ಬ ಲೇಡಿ ಡಾಕ್ಟರು, ಒಂದು ಹೆರಿಗೆ ವಾರ್ಡು, ಇಷ್ಟನ್ನು ದಸರಾ ಅಧಿವೇಶನದಲ್ಲಿ ದಿವಾನರ ಮುಂದೆ ಕೇಳಿ ಎಂದು ಅಕ್ಕ ಹೇಳಿದಳು. ಖಂಡಿತ ಕೇಳುತ್ತೇನೆಂದು ಹೋದರು. ಮೈಸೂರಿನಿಂದ ನಮ್ಮಿಬ್ಬರಿಗೂ ಸೀರೆ ಬಂತು, ಸದಸ್ಯರೆಲ್ಲ ಸಾಲಾಗಿ ನಿಂತ ಫೋಟೋ ಬಂತು. ಲೇಡಿ ಡಾಕ್ಟರ ವಿಷಯವೇನಾಯಿತು? ಗಾಡಿ ಸುಂಕದ ಮಾತು ಮುಗಿಸಿ ಆ ವಿಷಯಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿಬಿಟ್ಟರಂತೆ. ಮರುವರ್ಷವೂ ಹೋದರು. ಮರುವರ್ಷವೂ ಗಂಟೆ ಬಾರಿಸಿದರು.

ಮುಂದಿನ ಚುನಾವಣೆ ಬಂತು. ಒಂದು ಕಡೆ ಜರಿಪೇಟದ ನಮ್ಮ ಯಜಮಾನರು. ಇನ್ನೊಂದು ಕಡೆ ಖಾದಿ ಟೋಪಿಯ ರೇಣುಕಯ್ಯನವರು. ತೋವಿನಕೆರೆಯಲ್ಲಿ ಅಕ್ಕನ ತಂದೆ ಅವಳ ಹೆಸರಿಗೆ ಜಮೀನು ಬರೆದಿದ್ದರು. ಕಂದಾಯ ಕಟ್ಟುವವರಿಗೆ ನಿಲ್ಲುವ ಹಕ್ಕಿದೆಯಲ್ಲವೇ? ಅಕ್ಕ ಒಂದು ಬೆಳಿಗ್ಗೆ ರೊಟ್ಟಿ ತಟ್ಟಿಟ್ಟು, ಕೈ ತೊಳೆದು, ತಾಲ್ಲೂಕು ಕಚೇರಿಗೆ ನಡೆದುಹೋಗಿ ಮೂರನೆಯವಳಾಗಿ ನಾಮಪತ್ರ ಕೊಟ್ಟು ಬಂದಳು.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರ ಮುಖ ಕೆಂಪಾಗಿತ್ತು. ವಾಪಸು ತೆಗೆದುಕೋ ಎಂದರು. ಅಕ್ಕ ಬಡಿಸುವುದನ್ನು ನಿಲ್ಲಿಸಲಿಲ್ಲ.

"ನಿಮ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಕಣ್ರೀ. ನೀವು ಹೋದ್ರೆ ಅವ್ರು ಗಂಟೆ ಬಾರಿಸ್ತಾರೆ, ನೀವು ಕೂತ್ಕಂಬುಡ್ತೀರ. ನಾನು ಕೂತ್ಕಳಾಕಿಲ್ಲ, ಅಷ್ಟೇಯ."

ಸಭಿಕರೇ, ಅಂಥ ಚುನಾವಣೆಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಒಂದೇ ಮನೆಯಿಂದ ಬೆಳಿಗ್ಗೆ ಬಾಡಿಗೆ ಮೋಟಾರೊಂದು ಹೊರಡುತ್ತಿತ್ತು, ಅದರ ಹಿಂದೆ ತೋವಿನಕೆರೆಯ ಎತ್ತಿನ ಗಾಡಿ ಹೊರಡುತ್ತಿತ್ತು. ಮೋಟಾರಿಗೂ ಗಾಡಿಗೂ ಬುತ್ತಿ ಕಟ್ಟುತ್ತಿದ್ದವಳು ನಾನು. ಗಂಡನ ಹೆಸರು ಹೇಳಬಾರದಾದ್ದರಿಂದ ಅಕ್ಕ ಹಟ್ಟಿ ಹಟ್ಟಿಗೆ ಹೋಗಿ, "ನಮ್ಮನೇರ್ಗೆ ಹಾಕ್ಬ್ಯಾಡಿ, ನಂಗಾಕಿ" ಎನ್ನುತ್ತಿದ್ದಳು. ಜನ ನಕ್ಕರು. ಅವಳಿಗೆ ಬಾಣಂತಿ ಪಾರ್ಟಿ ಎಂದು ಹೆಸರಿಟ್ಟರು. ಒಳ್ಳೆ ಹೆಸರು ಎಂದು ಅಕ್ಕನೂ ಅದನ್ನೇ ಹೇಳತೊಡಗಿದಳು.

ನಗುವುದೇನೋ ಸರಿ. ತೋವಿನಕೆರೆ ಸಂತೆಯಲ್ಲಿ ನಡೆದದ್ದು ನಗುವ ಮಾತಲ್ಲ. ಆ ದಿನ ನಾನೂ ಗಾಡಿಯಲ್ಲಿದ್ದೆ. ನಮ್ಮ ಯಜಮಾನರ ಕಡೆಯ ಒಬ್ಬ, ಅವನ ಹೆಸರು ಬೇಡ, ಇಡೀ ಸಂತೆಗೆ ಕೇಳುವಂತೆ ಕೂಗಿ ಕೇಳಿದ: ಹೆರದ ಹೆಂಗಸಿಗೆ ಹೆರಿಗೆ ವಾರ್ಡು ಯಾಕೆ?

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನನ್ನನ್ನು ಈ ಮನೆಗೆ ತಂದದ್ದೇ ಆ ಮಾತಲ್ಲವೇ? ಅಕ್ಕ ಗಾಡಿಯ ಮೂಕಿ ಹಿಡಿದುಕೊಂಡು ಕೆಳಗಿಳಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ದಿಟ ಕಣಪ್ಪ. ನಾನು ಹೆತ್ತಿಲ್ಲ. ಅದ್ಕೇ ಬದುಕಿವ್ನಿ, ನಿನ್ ಮುಂದೆ ನಿಂತು ಕೇಳಾಕೆ. ನನ್ ಓರ್ಗೆ ಹೆಣ್ಮಕ್ಳು ಹೆರಾಕೆ ಹೋಗಿ ಸತ್ತವ್ರೆ, ಅವ್ರು ಬಂದು ಕೇಳ್ತಾರಾ?"

ಸಂತೆಯಲ್ಲಿ ತಕ್ಕಡಿ ಹಿಡಿದವರು ತಕ್ಕಡಿ ಇಳಿಸಿದರು. ಈ ಸುದ್ದಿ ಸಂಜೆಗೆ ಯಜಮಾನರ ಕಿವಿಗೂ ಬಿತ್ತು. ಆ ಮನುಷ್ಯನನ್ನು ಕರೆಸಿ, ನನಗೆ ಓಟು ತರುವುದಕ್ಕೆ ನೀನು ಬೇಡ ಎಂದು ಕಳಿಸಿಬಿಟ್ಟರು. ರಾತ್ರಿ ಅಕ್ಕನೇ ಬಡಿಸಿದಳು. ಊಟದ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಆ ದಿನ ಅವರು ಏನು ಉಂಡರೆಂದು ಅವರಿಗೇ ಗೊತ್ತಿರಲಾರದು.

ಮತದಾನದ ದಿನ ಬಂತು. ನಾನು ಲೋವರ್ ಸೆಕೆಂಡರಿ ಪಾಸು ಮಾಡಿದ್ದರಿಂದ ನನಗೂ ಓಟಿತ್ತು. ಶಾಲೆಯ ಬಾಗಿಲಲ್ಲಿ ಯಜಮಾನರು ನಿಂತಿದ್ದರು; ನನ್ನನ್ನು ನೋಡಿ, ನಮ್ಮದು ಹಸಿರು ಪೆಟ್ಟಿಗೆ ಎಂದು ನೆನಪು ಮಾಡಿದರು. ಒಳಗೆ ಮೂರು ಬಣ್ಣದ ಮೂರು ಪೆಟ್ಟಿಗೆಗಳಿದ್ದವು. ನಾನು ಅಕ್ಕನ ಬಿಳಿ ಪೆಟ್ಟಿಗೆಗೆ ಹಾಕಿದೆ. ಅವರು ಇಷ್ಟು ವರ್ಷ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ತಲೆಯಾಡಿಸುತ್ತಿದ್ದಾರೆ. ಗೊತ್ತಿತ್ತು ಎಂದು ಕಾಣುತ್ತದೆ.

ರೇಣುಕಯ್ಯನವರು ಗೆದ್ದರು. ನಮ್ಮ ಯಜಮಾನರು ಕೊಂಚದರಲ್ಲಿ ಸೋತರು. ಅಕ್ಕ ಮೂರನೆಯವಳಾದಳು. ಅವಳಿಗೆ ಬಿದ್ದ ಓಟುಗಳು ಯಜಮಾನರಿಗೆ ಬಿದ್ದಿದ್ದರೆ ಅವರೇ ಗೆಲ್ಲುತ್ತಿದ್ದರೆಂದು ಊರೆಲ್ಲ ಲೆಕ್ಕ ಹಾಕಿತು. ಅವಳನ್ನು ಇನ್ನು ತೌರಿಗೆ ಅಟ್ಟುತ್ತಾರೆಂದು ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರು. ಅಕ್ಕನೂ ಹಾಗೇ ಅಂದುಕೊಂಡಿರಬೇಕು. ಒಲೆಯ ಮುಂದೆ ಕೂತು, ನನ್ನನ್ನು ಕರೆದು, ಉಪ್ಪಿನಕಾಯಿ ಜಾಡಿ ಎಲ್ಲಿದೆ, ಯಜಮಾನರ ಕಷಾಯಕ್ಕೆ ಏನೇನು ಹಾಕಬೇಕು ಎಂದು ಹೇಳಿಕೊಡುತ್ತಿದ್ದಳು. ನನಗೆ ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ. ಅಳುತ್ತಿದ್ದೆ.

ಆಗ ಐ.ಡಿ.ಹಳ್ಳಿಯ ಕಾಟಪ್ಪ ಬಂದ. ಕಾಟಪ್ಪ ನಮ್ಮ ಅಂಗಡಿಗೇ ಕಡಲೆಕಾಯಿ ಹಾಕುವವನು, ಯಜಮಾನರ ನಂಬಿಕೆಯ ಮನುಷ್ಯ. ಐ.ಡಿ.ಹಳ್ಳಿ ಹೋಬಳಿಯ ಓಟೆಲ್ಲ ಎಲ್ಲಿ ಹೋಯಿತೆಂದು ಯಜಮಾನರು ಅವನನ್ನು ಕೇಳಿದರು. ಅವನು ಜಗಲಿಯ ಕೆಳಗೆ ನಿಂತೇ ಹೇಳಿದ.

"ನಿಮ್ ಉಪ್ಪು ತಿಂದಿವ್ನಿ ಬುದ್ಧಿ, ಸುಳ್ಳೇಳಾಕಿಲ್ಲ. ಅಮ್ಮಾರ್ಗೆ ಹಾಕ್ದೆ. ನಮ್ ರಂಗಕ್ಕನ್ನ ಗಾಡೀಲಿ ಮಲುಗಿಸ್ಕಂಡು ಆಸ್ಪತ್ರೆಗೆ ಅಂತ ಹೊಂಟಿದ್ದೆ. ಮಧುಗಿರಿ ಬೆಟ್ಟ ಕಾಣ್ತಿತ್ತು ಬುದ್ಧಿ. ಬೆಟ್ಟ ಕಂಡ್ತು ಕಣೇ, ಇನ್ನೇನು ಬಂದ್ಬುಟ್ವಿ ಅಂದೆ. ಓಗೊಡ್ನಿಲ್ಲ."

ರಂಗಕ್ಕ ಅವನ ಹೆಂಡತಿ. ಅವಳು ತೀರಿಕೊಂಡದ್ದು ಯಜಮಾನರಿಗೆ ಗೊತ್ತಿತ್ತು. ಹೇಗೆಂದು ಯಾವತ್ತೂ ಕೇಳಿರಲಿಲ್ಲ. ಅಂಥವರು ಹೋಬಳಿಯಲ್ಲಿ ಇನ್ನೂ ಇದ್ದಾರೆ, ಅವರೂ ಹಾಗೇ ಹಾಕಿದರು ಎಂದ ಕಾಟಪ್ಪ.

ಸಭಿಕರೇ, ಆಮೇಲೆ ನನಗೆ ಹೊಳೆಯಿತು. ಓಟಿದ್ದ ಹೆಂಗಸರು ಈ ಸೀಮೆಯಲ್ಲಿ ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದು. ಅಕ್ಕನಿಗೆ ಬಿದ್ದ ಓಟು ಹೆಚ್ಚುಕಮ್ಮಿ ಎಲ್ಲವೂ ಗಂಡಸರದು. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ, ಒಬ್ಬೊಬ್ಬರಾಗಿ ಬಂದು ಬಿಳಿ ಪೆಟ್ಟಿಗೆಗೆ ಹಾಕಿಹೋದ ಗಂಡಸರದು.

ಕಾಟಪ್ಪ ಹೋದ ಮೇಲೆ ಯಜಮಾನರು ಒಳಗೆ ಬಂದರು. ಅಡುಗೆಮನೆಗೆ ಎಂದೂ ಕಾಲಿಡದವರು ಒಲೆಯ ಹತ್ತಿರ ಮಣೆ ಎಳೆದುಕೊಂಡು ಕೂತು, ಮೈಸೂರಿನಲ್ಲಿ ನೀನು ಏನು ಕೇಳಬೇಕೆಂದಿದ್ದೆ, ಹೇಳು ಎಂದರು. ಅಕ್ಕ ಹೇಳಿದಳು. ಪೂರ್ತಿ ಕೇಳಿದರು. ಮರುದಿನ ಪೇಟ ಸುತ್ತಿ, ಅಕ್ಕನನ್ನು ಕರೆದುಕೊಂಡು, ತಮ್ಮನ್ನು ಸೋಲಿಸಿದ ರೇಣುಕಯ್ಯನವರ ಮನೆಗೇ ಹೋದರು. ಬೀದಿಯೆಲ್ಲ ಬಾಗಿಲಿಗೆ ಬಂದು ನೋಡಿತು.

ರೇಣುಕಯ್ಯನವರು ಆ ದಸರಾದಲ್ಲಿ ಮೊದಲ ಮಾತಾಗಿ ಇದನ್ನೇ ಕೇಳಿದರು. ಕಟ್ಟಡ ಊರಿನವರು ಕೊಟ್ಟರೆ ಡಾಕ್ಟರನ್ನು ಸರ್ಕಾರ ಕೊಡುತ್ತದೆಂದು ಉತ್ತರ ಬಂತು. ಯಜಮಾನರು ಗೋದಾಮು ಬಿಟ್ಟುಕೊಟ್ಟರು. ಅಷ್ಟರಲ್ಲಿ ರೇಣುಕಯ್ಯನವರು ಜೈಲಿಗೆ ಹೋದರು, ಯುದ್ಧ ಜೋರಾಯಿತು, ಕಬ್ಬಿಣ ಸಿಗಲಿಲ್ಲ, ಸಿಮೆಂಟು ಸಿಗಲಿಲ್ಲ. ಆದರೂ ಬಾಗಿಲು ಇವತ್ತು ತೆರೆಯಿತು.

ಆದ್ದರಿಂದ ಅಧ್ಯಕ್ಷರಿಗೆ, ಡಾಕ್ಟರಮ್ಮನವರಿಗೆ, ರೇಣುಕಯ್ಯನವರಿಗೆ, ನನ್ನ ಯಜಮಾನರಿಗೆ ಕೈಮುಗಿಯುತ್ತೇನೆ. ಐ.ಡಿ.ಹಳ್ಳಿಯ ಕಡೆಯಿಂದ ಬಂದು ಅಲ್ಲಿ ಹಿಂದೆ ಬೇವಿನ ಮರದ ಕೆಳಗೆ ನಿಂತಿರುವವರಿಗೆ ಇನ್ನೊಂದು ಸಲ ಕೈಮುಗಿಯುತ್ತೇನೆ.

ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಕೆಂದು ನನಗೆ ಆಸೆಯಿತ್ತು. ಅವಳು ಬರುವಂತಿಲ್ಲ. ಅಧ್ಯಕ್ಷರ ಭಾಷಣ ನಡೆಯುತ್ತಿದ್ದಾಗ ಬುಕ್ಕಾಪಟ್ಟಣದ ಕಡೆಯಿಂದ ಬಸುರಿ ಹುಡುಗಿಯೊಬ್ಬಳನ್ನು ಮಲಗಿಸಿಕೊಂಡು ಒಂದು ಗಾಡಿ ಬಂತು. ಈ ಗೋಡೆಯ ಆಚೆ, ಆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಕೂತಿದ್ದಾಳೆ. ಡಾಕ್ಟರಮ್ಮನವರೂ ಈಗ ಎದ್ದು ಒಳಗೆ ಹೋಗುತ್ತಿದ್ದಾರೆ, ದಾರಿ ಬಿಡಿ.

ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಒಳಗೆ ಆ ಹುಡುಗಿಗೆ ಇನ್ನೂ ನೋವು ಬರುತ್ತಿದೆ. ಸದ್ದು ಮಾಡದೆ ಮೆಲ್ಲಗೆ ಏಳಿ.

ನಮಸ್ಕಾರ.