ಆಸಿಡ್ಡಿನಲ್ಲಿ ನೆನೆಯದ ಕಲ್ಲು

…ನಗಬೇಡಿ ಮೇಡಂ, ಮೊದಲು ನೋಡಿ. ಬಸ್ಸು ಐದಕ್ಕೆ ತಾನೇ? ಚೀಲ ಹೆಗಲ ಮೇಲೇ ಇರಲಿ, ಕಣ್ಣೊಂದು ಸೂಕ್ಷ್ಮದರ್ಶಕಕ್ಕೆ ಕೊಟ್ಟರೆ ಸಾಕು. ಬೆಳಿಗ್ಗೆ ನೀವೇ ಕೊಯ್ದು, ಬೆಳಕು ಹಾಯೋವಷ್ಟು ತೆಳ್ಳಗೆ ಉಜ್ಜಿ ಕೊಟ್ಟ ಸ್ಲೈಡು ಇದು. ವರ್ಗವಾಗಿ ಹೋಗೋ ದಿನವೂ ನಿಮಗೆ ಕಲ್ಲು ಕೊಯ್ಯೋ ಕೆಲಸ ಹಚ್ಚಿದೆ ನೋಡಿ, ನನ್ನಂಥ ಕಟುಕ ಇನ್ನೊಬ್ಬನಿಲ್ಲ.

ಆ ಕಂದು ಕಾಳು ಕಾಣ್ತಾ? ಅಂಚು ಕೊಳೆತಿದೆಯಲ್ಲ, ಅದು. ಗ್ರಾನೈಟು ಕುದೀತಿದ್ದಾಗ ಹುಟ್ಟಿದ್ದು. ವಿರಳ ಭಸ್ಮ ಧಾತುಗಳನ್ನೆಲ್ಲ, ನಾನು ಹುಡುಕೋ ಅಪರೂಪದ ಲೋಹಗಳನ್ನೆಲ್ಲ, ಹೊಟ್ಟೆಯಲ್ಲಿಟ್ಕೊಂಡು ಜಿಪುಣನ ಹಾಗೆ ಕೂತಿತ್ತು. ಈಗ ಪಕ್ಕದ ಬಿರುಕಿಗೆ ಬನ್ನಿ. ಸಣ್ಣ ಸೂಜಿಗಳು, ಬೀಸಣಿಗೆ ಬಿಚ್ಚಿದ ಹಾಗೆ. ಹಾಂ, ಅವೇ. ಕಲ್ಲೆಲ್ಲ ಆರಿ ತಣ್ಣಗಾಗಿ, ಇನ್ನು ಇದರಲ್ಲಿ ಏನೂ ಹುಟ್ಟೋದಿಲ್ಲ ಅಂತ ಎಲ್ಲರೂ ಕೈಬಿಟ್ಟ ಮೇಲೆ, ಬಿರುಕಿಗೆ ಬೆಚ್ಚಗಿನ ನೀರು ಇಳಿದಿದೆ. ಕಾಳನ್ನ ಮೆಲ್ಲಗೆ ಕರಗಿಸಿ, ಒಳಗೆ ಬಚ್ಚಿಟ್ಟಿದ್ದನ್ನ ಹೊರಗೆ ತಂದು, ತನ್ನಲ್ಲಿದ್ದ ಕಾರ್ಬೊನೇಟಿನ ಜೊತೆ ಕೂಡಿಸಿದೆ. ಹೊಸ ಖನಿಜ. ಕುಲುಮೆಯ ಶಾಖವೇನೂ ಬೇಕಾಗಿಲ್ಲ… ತಡವಾದರೂ ಆಗತ್ತೆ.

ಏನು, ಪಾಠ ಶುರುವಾಯ್ತಾ? ನಮ್ಮಕ್ಕನೂ ಇದನ್ನೇ ಅಂತಾಳೆ. ಹಿಂದೆ ಒಂದು ಸಂಬಂಧ ಕೂಡಿಬಂದಿತ್ತು. ನಾನು ಅವರ ಮನೆ ಮೆಟ್ಟಿಲಿನ ಕಲ್ಲಿಗೆ ಎಷ್ಟು ವಯಸ್ಸು ಅಂತ ಹೇಳಿ ಎದ್ದು ಬಂದೆನಂತೆ. ಅಂತೆ ಏನು, ನಿಜವೇ. ಮೆಟ್ಟಿಲು ಚೆನ್ನಾಗಿತ್ತು.

ಇಷ್ಟು ವರ್ಷ ಇದು ಯಾಕೆ ಕಣ್ಣಿಗೆ ಬೀಳಲಿಲ್ಲ ಅಂದ್ರೆ, ಬಾಗಿಲ ಮೇಲಿನ ಬೋರ್ಡು ಓದಿ. ‘ರಾತ್ರಿಯಿಡೀ ಆಸಿಡ್ಡಿನಲ್ಲಿ ನೆನೆಯದ ಕಲ್ಲಿಗೆ ಪ್ರವೇಶವಿಲ್ಲ.’ ಬರೆದ ಮಹಾನುಭಾವ ನಾನೇ. ಬಿರುಕಿನ ಬಿಳಿ ಪುಡಿ ಬರೀ ಸುಣ್ಣದ ಕೊಳೆ ಅಂದ್ಕೊಂಡಿದ್ದೆ. ಹುಡುಕ್ತಿದ್ದದ್ದನ್ನೇ ತೊಳೆದು ಬಚ್ಚಲಿಗೆ ಬಿಟ್ಟು, ಆಮೇಲೆ ಇಲ್ಲ ಇಲ್ಲ ಅಂತ ತಲೆ ಚಚ್ಕೊಳ್ತಿದ್ದೆ. ಲ್ಯಾಬಿನ ಹುಡುಗರು ನನಗೆ ಗುಂಡುಕಲ್ಲು ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹಾಂ? ಇದನ್ನ ಮಾತ್ರ ಯಾಕೆ ತೊಳೀಲಿಲ್ಲ ಅಂತಲಾ?

ಮರೆತೆ.

ಇಲ್ಲ, ಮರೆಯೋದೇನು… ಆಸಿಡ್ಡು ಖಾಲಿ ಆಗಿತ್ತು.

ಹೌದು, ತುಂಬಿದ ಬಾಟಲಿ ನಿಮ್ಮ ಬೆನ್ನ ಹಿಂದೇನೇ ಇದೆ. ನೋಡಿದೆ.

ಅದು ಹಾಗಲ್ಲ ಮೇಡಂ. ಇವತ್ತು ಬೆಳಿಗ್ಗೆ ನೆನೆಹಾಕಿದ್ರೆ ಕಲ್ಲು ಈಚೆ ಬರೋದು ನಾಳೆ. ನಾಳೆಯಿಂದ ಈ ಕೋಣೇಲಿ ಹೊಸಬರು. ಅವರೂ ಕೊಯ್ತಾರೆ, ಇಲ್ಲ ಅಂತಲ್ಲ. ಚೆನ್ನಾಗೇ ಕೊಯ್ತಾರೆ. ಒಂಟಿ ಜೀವಕ್ಕೆ ಎಷ್ಟು ಸಾಮಾನು, ಒಂದು ಚೀಲ ಸಾಕು ಅಂದ್ರಲ್ಲ ನೀವು ನಿನ್ನೆ, ಅದನ್ನ ಕೇಳಿದ ಮೇಲೆ ನಾನು… ಕಲ್ಲಿನ ವಿಷಯ ಹೇಳ್ತಿದ್ದೆ.

ಇತ್ತ ಯಾಕೆ ತಿರುಗಿದ್ರಿ? ಸೂಕ್ಷ್ಮದರ್ಶಕ ಅಲ್ಲಿದೆ, ನನ್ನ ಮುಖದಲ್ಲಿ ಏನಿದೆ ನೋಡೋಕೆ.

ಚೀಲ ಯಾಕೆ ಕೆಳಗಿಟ್ರಿ?

ಅವಸರ ಕಲ್ಲಿಗಿತ್ತಾ ಅಂತಲಾ? ಇಲ್ಲ ಮೇಡಂ. ಕಲ್ಲಿಗೇನೂ ಅವಸರ ಇರಲಿಲ್ಲ.